ಹೃದಯ ಬಿಟ್ಟು ಪಾದ ಹಿಡಿದವಳು

ಲವೀನಿಯಾ: ಹೃದಯ ಅಂತ ಹೇಳಿಬಿಟ್ಟಿದೀನಿ ಕಣೆ. ಚಾಪೆ ಹೆಣೆಯೋ ಹದಿನಾಲ್ಕು ಹೆಂಗಸರ ಮುಂದೆ ಹೇಳಿದೀನಿ. ಇನ್ನು ಬದಲಾಯಿಸೋಕಾಗಲ್ಲ.

ಸಿಯಾಲೆ: ಯಾರ ಹೃದಯ ಅಮ್ಮ?

ಲವೀನಿಯಾ: ಎಲ್ಲರದ್ದೂ. ನನ್ನ ಮಗಳು ಹೃದಯದ ಡಾಕ್ಟರಾಗ್ತಾಳೆ ಅಂದೆ. ಪಾದ್ರಿಯಮ್ಮನ ಮುಖ ನೋಡ್ಬೇಕಿತ್ತು, ಹಸಿ ಬಾಳೆಕಾಯಿ ಕಚ್ಚಿದ ಹಾಗಾಯ್ತು.

ಟೊಂಗಾದ ಒಂದು ಪುಟ್ಟ ದ್ವೀಪ, ಶನಿವಾರ ಮಧ್ಯಾಹ್ನ. ಲವೀನಿಯಾ ಮರುದಿನದ ಊಟಕ್ಕೆ ಕೆಸುವಿನ ಎಲೆಯಲ್ಲಿ ಡಬ್ಬಿ ಮಾಂಸವಿಟ್ಟು, ತೆಂಗಿನ ಹಾಲು ಸುರಿದು ಮಡಿಸುತ್ತಿದ್ದಳು. ಎದುರಿಗೆ ಕೂತ ಮಗಳು ಸಿಯಾಲೆಯ ಕೈಯಲ್ಲಿ ಸೋಮವಾರ ಶಾಲೆಗೆ ಕೊಡಬೇಕಾದ ವಿದ್ಯಾರ್ಥಿವೇತನದ ಅರ್ಜಿ. ಓದುವ ವಿಷಯದ ಜಾಗ ಖಾಲಿ, ಕೆಳಗೆ ತಾಯಿಯ ಸಹಿಯ ಜಾಗವೂ ಖಾಲಿ. ಹಿಂದಿನ ವಾರ ಆಸ್ಪತ್ರೆಯವರು ಕೊನೆಯ ವರ್ಷದ ಮಕ್ಕಳನ್ನು ಕರೆಸಿ, ಕೋಣೆ ಕೋಣೆ ಸುತ್ತಿಸಿ, ಇಲ್ಲಿ ಡಾಕ್ಟರಿಕೆ ಒಂದೇ ಅಲ್ಲ, ಇನ್ನೂ ಇಪ್ಪತ್ತು ಬಗೆಯ ಕೆಲಸಗಳಿವೆ ಎಂದು ಹೇಳಿ ಕಳಿಸಿದ್ದರು. ಹುಡುಗಿ ಕೆಟ್ಟದ್ದು ಅಂದಿನಿಂದಲೇ ಎಂದು ಲವೀನಿಯಾಳ ತೀರ್ಮಾನ.

ಲವೀನಿಯಾ: ಹೃದಯ ಬೇಡ ಅಂದ್ರೆ ಇನ್ನೇನಿದೆ ಹೇಳು, ಕೇಳೋಣ.

ಸಿಯಾಲೆ: ಲ್ಯಾಬ್ ಇದೆ.

ಲವೀನಿಯಾ: ಊರವರ ಉಚ್ಚೆ ಬಾಟಲಿಗೆ ಹೆಸರು ಅಂಟಿಸೋದು. ಆಮೇಲೆ?

ಸಿಯಾಲೆ: ಎಕ್ಸ್‌ರೇ.

ಲವೀನಿಯಾ: ‘ಉಸಿರು ಎಳ್ಕೊಳ್ಳಿ, ಬಿಗಿ ಹಿಡೀರಿ, ಬಿಡಿ.’ ಅದನ್ನ ನಿಮ್ಮಪ್ಪ ಚರ್ಚಿನ ಹಾಡುಗಾರರಿಗೆ ದಿನಾ ಹೇಳ್ತಾನೆ. ಒಂದು ಬಿಡಿಗಾಸು ಬಂದಿಲ್ಲ.

ಸಿಯಾಲೆ: ನರ್ಸ್?

ಲವೀನಿಯಾ: ಆದವರೆಲ್ಲ ಆಕ್ಲೆಂಡಿಗೆ ಹಾರಿಹೋದ್ರು. ಅಲ್ಲಿ ಕಂಡೋರ ಅಮ್ಮಂದಿರಿಗೆ ಅವರು ಸ್ನಾನ ಮಾಡಿಸ್ತಾರೆ, ಇಲ್ಲಿ ಅವರ ಅಮ್ಮಂದಿರಿಗೆ ನಾವು ಮಾಡಿಸ್ತೀವಿ. ನನಗೆ ಯಾರು ಮಾಡಿಸ್ತಾರೆ?

ಸಿಯಾಲೆ: ಅದೆಲ್ಲ ನನಗೂ ಬೇಡ. ನಾನು ಪಾದದ ಡಾಕ್ಟರಾಗ್ತೀನಿ.

ಜಗಲಿಯಲ್ಲಿ ನಾಳೆಯ ಹಾಡುಗಳನ್ನು ಬರೆದುಕೊಳ್ಳುತ್ತಿದ್ದ ಗಂಡ ಕಿತಿಯೋನೆ ತಲೆ ಎತ್ತಿದ.

ಕಿತಿಯೋನೆ: ಪಾದ್ರಿನಾ? ಆಗ್ಲಿ ಬಿಡೆ. ಇರೋಕೆ ಮನೆ ಕೊಡ್ತಾರೆ, ಹಬ್ಬಕ್ಕೆ ಹಂದಿ ಕೊಡ್ತಾರೆ.

ಸಿಯಾಲೆ: ಪಾದ್ರಿ ಅಲ್ಲಪ್ಪ, ಪಾದ. ಕಾಲು. ಅದಕ್ಕೇ ಅಂತ ಮೂರು ವರ್ಷದ ಬೇರೆ ಓದಿದೆ.

ಲವೀನಿಯಾ: ಕಂಡೋರ ಕಾಲು ಹಿಡಿಯೋಕೆ ಸಮುದ್ರ ದಾಟಿ ಹೋಗಿ ಓದಬೇಕಾ? ಸರ್ಕಾರಿ ಕೆಲಸ ಬೇಕು ಅಂತ ಅರ್ಧ ಊರು ಓದದೇನೇ ಹಿಡೀತಿದೆ.

ಸಿಯಾಲೆ: ಯೇಸುಸ್ವಾಮಿ ಶಿಷ್ಯರ ಕಾಲು ತೊಳೀಲಿಲ್ವಾ?

ಲವೀನಿಯಾ: ತೊಳೆದ. ಮಾರನೇ ದಿನವೇ ಶಿಲುಬೆಗೇರಿಸಿದ್ರು, ಅದನ್ನೂ ಓದ್ಕೋ.

ಹೇಳಿಬಿಟ್ಟು ಅವಳು ಬಾಗಿಲ ಕಡೆ ನೋಡಿದಳು. ಪುಣ್ಯಕ್ಕೆ ಪಾದ್ರಿಯ ಹೆಂಡತಿ ಆ ದಾರಿಯಲ್ಲಿ ಬರುತ್ತಿರಲಿಲ್ಲ.

ಸಿಯಾಲೆ: ಅಪ್ಪ, ಚರ್ಚಲ್ಲಿ ಹಿಂದಿನ ಸಾಲಲ್ಲಿ ದಪ್ಪ ದನಿಯವರು ಎಷ್ಟು ಜನ?

ಕಿತಿಯೋನೆ: ಏಳು.

ಸಿಯಾಲೆ: ಕಾಲು ಎಷ್ಟು?

ಕಿತಿಯೋನೆ ಬೆರಳು ಮಡಿಸಿ ಎಣಿಸಿದ.

ಕಿತಿಯೋನೆ: ಹನ್ನೊಂದು.

ಲವೀನಿಯಾ: ಅದಕ್ಕೇನೀಗ? ಕಾಲಲ್ಲಿ ಹಾಡ್ತಾರಾ?

ಸಿಯಾಲೆ: ಮೂರೂ ಹೋಗಿದ್ದು ಸಕ್ಕರೆ ಕಾಯಿಲೆಯಿಂದ. ಅಪ್ಪನಿಗೂ ಏಳು ವರ್ಷದಿಂದ ಇದೆ. ಅಪ್ಪ, ಈ ಸೆಕೇಲಿ ಕಾಲುಚೀಲ ಯಾಕೆ ಹಾಕಿದೀಯ?

ಕಿತಿಯೋನೆ: ಮರ್ಯಾದೆಗೆ.

ಲವೀನಿಯಾ: ಮರ್ಯಾದೆಯಂತೆ. ಮೇಲೆ ಅಂಗಿ ಇಲ್ಲ.

ಸಿಯಾಲೆ: ತೆಗಿ ಅಪ್ಪ, ನೋಡ್ತೀನಿ.

ಕಿತಿಯೋನೆ: ನೋಡೋಕೇನಿದೆ? ನನ್ನ ಕಾಲು ಕಬ್ಬಿಣ. ಕೆಂಡದ ಮೇಲೆ ನಡೆದ್ರೂ ಗೊತ್ತಾಗಲ್ಲ ನನಗೆ. ಕೇಳು ನಿಮ್ಮಮ್ಮನ್ನ.

ಲವೀನಿಯಾ: ಗೊತ್ತಾಗದೇ ಇರೋದು ಇವನಿಗೆ ಕಾಲಲ್ಲೊಂದೇ ಅಲ್ಲ.

ಸಿಯಾಲೆ ಅಪ್ಪನ ಎಡಗಾಲನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕಾಲುಚೀಲ ಎಳೆದಳು. ಅದು ಅಂಗಾಲಿಗೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದಳು. ತೆಂಗಿನ ಹಾಲಿನ ವಾಸನೆಯ ನಡುವೆ ಬೇರೊಂದು ವಾಸನೆ ಎದ್ದಿತು. ಕಿರುಬೆರಳು ಕಪ್ಪಗಾಗಿತ್ತು. ಅದರ ಬುಡದಲ್ಲಿ, ಕೀವಿನ ನಡುವೆ, ತುಕ್ಕು ಹಿಡಿದ ಒಂದು ಮೊಳೆಯ ತಲೆ ಕಾಣುತ್ತಿತ್ತು.

ಲವೀನಿಯಾ: ಎಷ್ಟು ದಿನ ಆಯ್ತು?

ಕಿತಿಯೋನೆ: ಏನು ಎಷ್ಟು ದಿನ?

ಲವೀನಿಯಾ: ಮೊಳೆ ಕಣೋ.

ಕಿತಿಯೋನೆ: ಯಾವ ಮೊಳೆ?

ಅವನು ಬಗ್ಗಿ ನೋಡಲು ಹೋದ, ಹೊಟ್ಟೆ ಅಡ್ಡ ಬಂತು. ಕಾಲುಚೀಲ ಒದ್ದೆಯಾಗುವುದು ಅವನಿಗೆ ತಿಳಿದಿತ್ತು. ಬೆವರು ಅಂದುಕೊಂಡು ದಿನಕ್ಕೊಂದರಂತೆ ಬದಲಾಯಿಸಿಕೊಂಡಿದ್ದ.

ಕಿತಿಯೋನೆ: ನೋವಿಲ್ಲವಲ್ಲ ಮಗಳೇ. ನಿಜವಾಗ್ಲೂ ಇಲ್ಲ.

ಸಿಯಾಲೆ: ಅದೇ ಕಾಯಿಲೆ ಅಪ್ಪ.

ಲವೀನಿಯಾಳ ಬಾಯಿಂದ ಮಾತು ಹೊರಡಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಹೀಗಾದದ್ದು ಇದೇ ಮೊದಲು. ಗಂಡ ಮೊಳೆಗಿಂತ ಅದಕ್ಕೇ ಹೆಚ್ಚು ಹೆದರಿದ.

ಪಕ್ಕದ ಮನೆಯವರ ಟ್ರಕ್ಕಿನ ಹಿಂಬದಿಯಲ್ಲಿ ಅವನನ್ನು ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಲವೀನಿಯಾ ಆ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕಿರುಬೆರಳು ಹೋಯಿತು, ಕಾಲು ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಮೊಣಕಾಲಿನವರೆಗೆ ತೆಗೆಯಬೇಕಾಗುತ್ತಿತ್ತು ಎಂದು ಡಾಕ್ಟರು ಹೇಳಿದರು.

ದೇವರ ದಿನ ಕೆಲಸ ಮಾಡಬಾರದೆಂದು ಭಾನುವಾರ ಚಾಪೆಯ ಒಂದು ಎಳೆಯನ್ನೂ ಮುಟ್ಟದ ಲವೀನಿಯಾ, ಆ ಭಾನುವಾರ ಗಂಡನ ಮಂಚದ ಪಕ್ಕದಲ್ಲಿ ಕೂತು ಮಗಳ ಕಡೆ ಕೈ ಚಾಚಿದಳು.

ಲವೀನಿಯಾ: ಎಲ್ಲಿ ಆ ಅರ್ಜಿ? ಪಾದ ಅಂತ ಬರಿ, ಸಹಿ ಹಾಕ್ತೀನಿ.

ಸಿಯಾಲೆ: ಇವತ್ತು ಬರೀಬಾರ್ದು ಅಮ್ಮ, ಭಾನುವಾರ.

ಲವೀನಿಯಾ: ದೇವರು ಈಗ ಚರ್ಚಲ್ಲಿದಾನೆ. ಬೇಗ ಕೊಡು.

ಮೂರು ವಾರ ಕಳೆದ ಮೇಲೆ ಕಿತಿಯೋನೆ ಕುರ್ಚಿಯಲ್ಲಿ ಕೂತೇ ಹಾಡು ನಡೆಸಿಕೊಟ್ಟ. ಆರಾಧನೆ ಮುಗಿದ ಮೇಲೆ ಪಾದ್ರಿಯಮ್ಮ ಹತ್ತಿರ ಬಂದಳು. ಸುತ್ತ ಚಾಪೆಯ ಹೆಂಗಸರೆಲ್ಲ ಕಿವಿ ನಿಮಿರಿಸಿ ನಿಂತಿದ್ದರು.

ಪಾದ್ರಿಯಮ್ಮ: ಹೃದಯ ಅಂತಿದ್ರಿ. ಕೊನೆಗೆ ಕಾಲಿಗೆ ಇಳಿದ್ರಂತೆ?

ಲವೀನಿಯಾ: ಹೌದಮ್ಮ. ಹೃದಯದ ಡಾಕ್ಟರ ಹತ್ರ ಹೋಗೋಕಾದ್ರೂ ಕಾಲು ಬೇಕಲ್ಲ.

ಯಾರೋ ಕಿಸಕ್ಕೆಂದರು. ಪಾದ್ರಿಯಮ್ಮ ಅವಳ ಮೊಣಕೈ ಹಿಡಿದು ಗೋಡೆಯ ಪಕ್ಕಕ್ಕೆ ಕರೆದೊಯ್ದು ದನಿ ತಗ್ಗಿಸಿದಳು.

ಪಾದ್ರಿಯಮ್ಮ: ನಮ್ಮವರ ಕಾಲಿನ ಹೆಬ್ಬೆರಳು ಸ್ವಲ್ಪ ಕಪ್ಪಗಾಗಿದೆ ಕಣೆ. ನೋವೇನೂ ಇಲ್ಲವಂತೆ. ನಿನ್ನ ಮಗಳು ಓದಿ ಬರೋದು ಯಾವಾಗ?

ಲವೀನಿಯಾ: ಮೂರು ವರ್ಷ ಆಗತ್ತೆ. ಅಷ್ಟು ದಿನ ಕಾಯೋ ಹೆಬ್ಬೆರಳಲ್ಲ ಅದು. ನಾಳೆ ಬೆಳಿಗ್ಗೇನೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಇನ್ನೂ ಎರಡೂ ಕಾಲಲ್ಲಿ ನಡೀತಾ ಇರೋವಾಗಲೇ.