ಭಾವನ ಕುದುರೆ, ಅಕ್ಕನ ಕರ್ಜಿಕಾಯಿ

ನಮ್ಮ ಭಾವನವರಿಗೆ ಮನುಷ್ಯರ ಮಾತಿನ ಮೇಲಿಲ್ಲದ ನಂಬಿಕೆ ಕುದುರೆಯ ಉಚ್ಚೆಯ ಮೇಲಿದೆ! ನೀವು ಮೂಗು ಮುಚ್ಚಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ, ಅದು ಅವರ ಹೊಟ್ಟೆಪಾಡು. ಧಾರವಾಡದ ಕಡೆಯ ಪಶುವೈದ್ಯರು. ಅಮೆರಿಕಕ್ಕೆ ಬಂದ ಹೊಸದರಲ್ಲಿ, ಎರಡು ಚಕ್ರದ ಹಗುರ ಗಾಡಿ ಎಳೆದುಕೊಂಡು ಓಡುವ ಕುದುರೆಗಳ ಪಂದ್ಯದಲ್ಲಿ ಕೆಲಸ ಮಾಡುತ್ತಿದ್ದರು. ಆಮೇಲೆ ಹ್ಯೂಸ್ಟನ್ ಹತ್ತಿರದ ರೇಸ್‌ಕೋರ್ಸಿಗೆ ಬಂದರು. ಗೆದ್ದ ಕುದುರೆಗೆ ಯಾರಾದರೂ ನಿಷೇಧಿತ ಮದ್ದು ಕೊಟ್ಟಿದ್ದಾರೆಯೇ ಎಂದು ತಿಳಿಯಲು ಅದರ ರಕ್ತ, ಮೂತ್ರ ಹಿಡಿದು ಲ್ಯಾಬಿಗೆ ಕಳಿಸುವುದು ಅವರ ಕೆಲಸ. ಲೋಕವೆಲ್ಲ ಗೆದ್ದ ಕುದುರೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ, ನಮ್ಮ ಭಾವ ಅದರ ಹಿಂದೆ ಉದ್ದನೆಯ ಕೋಲಿಗೆ ಸಿಕ್ಕಿಸಿದ ಲೋಟ ಹಿಡಿದು ಕಾಯುತ್ತಿದ್ದರು.

ಕುದುರೆ ನಾವು ಕೇಳಿದಾಗ ಹುಯ್ಯುತ್ತದೆಯೇ? ಅದಕ್ಕೆ ಮೆಲ್ಲಗೆ, ಒಂದೇ ಸಮನೆ ಸಿಳ್ಳೆ ಹಾಕಬೇಕಂತೆ. ಆ ಸಿಳ್ಳೆ ಭಾವನ ತುಟಿಗೆ ಅಂಟಿಕೊಂಡುಬಿಟ್ಟಿತ್ತು. ಡಲ್ಲಾಸಿನ ಕ್ಯಾರಲ್ಟನ್‌ನಲ್ಲಿ ನಡೆದ ಒಂದು ರಾಜ್ಯೋತ್ಸವದಲ್ಲಿ ಮುಖ್ಯ ಅತಿಥಿಗಳ ಭಾಷಣ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಬೇಸರವಾದ ಭಾವ ತಮಗೇ ಅರಿವಿಲ್ಲದೆ ಸಿಳ್ಳೆ ಶುರು ಮಾಡಿದರು. ಮುಂದಿನ ಸಾಲಿನ ಹಿರಿಯ ಅಂಕಲ್‌ಗಳು ಒಬ್ಬೊಬ್ಬರಾಗಿ ಎದ್ದು ರೆಸ್ಟ್‌ರೂಮಿನ ಕಡೆ ನಡೆದರು! ಸಭೆ ಖಾಲಿಯಾಗುವುದನ್ನು ಕಂಡ ಅತಿಥಿಗಳು ಗಡಿಬಿಡಿಯಲ್ಲಿ ‘ಜೈ ಕರ್ನಾಟಕ’ ಎಂದು ಕೂತರು. ಸಂಘದ ಕಾರ್ಯದರ್ಶಿ ಭಾವನ ಕೈ ಕುಲುಕಿ ಹೋದದ್ದನ್ನು ನಾನು ನೋಡಿದ್ದೇನೆ.

ಅವರ ಮಡಿಯ ಮುಂದೆ ನಮ್ಮಜ್ಜಿಯ ಮಡಿ ಯಾವ ಲೆಕ್ಕ? ಪರೀಕ್ಷೆಯ ಕೊಟ್ಟಿಗೆಯ ಆಸುಪಾಸಿಗೆ ಕಾಫಿ ಬರುವಂತಿಲ್ಲ, ಅದರ ಸತ್ವವೂ ಕುದುರೆಗೆ ನಿಷಿದ್ಧ. ಲೂಯಿಸ್‌ವಿಲ್‌ನ ಒಂದು ಗೃಹಪ್ರವೇಶದಲ್ಲಿ ಗಸಗಸೆ ಪಾಯಸ ಬಡಿಸಲು ಬಂದ ಆಂಟಿಯನ್ನು ಕಂಡು ಹಾವು ಕಂಡವರಂತೆ ಎದ್ದು ನಿಂತರು. ಗಸಗಸೆ ಅಫೀಮಿನ ಗಿಡದ್ದೇ ಬೀಜ. ಅದು ಕೈಗಂಟಿ ಹೋಗಿ ಕುದುರೆಯ ಹೊಟ್ಟೆ ಸೇರಿದರೆ ಲ್ಯಾಬಿನಲ್ಲಿ ಮಾರ್ಫಿನ್ ಎಂದು ತೋರಿಸಬಹುದು. ಇಷ್ಟೆಲ್ಲ ವಿವರ ಆ ಆಂಟಿಗೆ ಸಿಕ್ಕಿತು. ಅಂದು ಜೊತೆಗೆ ಬಾರದೆ ಮನೆಯಲ್ಲಿದ್ದ ಅಕ್ಕನಿಗೆ ಸಿಕ್ಕಿದ್ದು ಮಾತ್ರ ಒಂದೇ ಅಪ್ಪಣೆ, ಪಂದ್ಯದ ವಾರ ಗಸಗಸೆ ಬೇಡ. ಯಾಕೆ ಎಂದು ಅವರು ಹೇಳಲಿಲ್ಲ. ಗಂಡನ ಹುಚ್ಚುಗಳಿಗೆಲ್ಲ ಕಾರಣ ಕೇಳುವುದನ್ನು ಅಕ್ಕ ಎಂದೋ ಬಿಟ್ಟಿದ್ದಳು.

ಹೀಗಿರುವಾಗ ಆಯುಧಪೂಜೆ ಬಂತು. ಅಕ್ಕ ಮೈಸೂರಿನವಳು. ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಸುಮ್ಮನಾಗಬಹುದಿತ್ತು. ಗಂಡನಿಗೆ ಅನ್ನ ಕೊಡುವ ಕುದುರೆಗೇ ಆರತಿ ಎತ್ತಬೇಕು ಎನ್ನಿಸಿತು. ರೇಸ್‌ಕೋರ್ಸಿನಲ್ಲಿ ಅವಳಿಗೆ ಪರಿಚಯದ ಒಬ್ಬ ವಯಸ್ಸಾದ ಟ್ರೇನರ್ ಇದ್ದ. ಅವನ ಬಳಿ ಇದ್ದದ್ದು ಒಂದೇ ಹೆಣ್ಣು ಕುದುರೆ. ಅವನೇ ಪಾಸ್ ಮಾಡಿಸಿ ಸಂತೋಷದಿಂದ ಒಳಗೆ ಕರೆದುಕೊಂಡು ಹೋದ. ಭಾವ ಆಗ ಬೇರೆ ಕಡೆ ಕೆಲಸದಲ್ಲಿದ್ದರು. ಅಕ್ಕ ಕುದುರೆಯ ಹಣೆಗೆ ಕುಂಕುಮವಿಟ್ಟು, ಆರತಿ ಎತ್ತಿ, ಮನೆಯಲ್ಲಿ ಕರಿದಿದ್ದ ಕರ್ಜಿಕಾಯಿ ತಿನ್ನಿಸಿದಳು. ಆ ವಾರ ಕುದುರೆ ಗೆದ್ದುಬಿಟ್ಟಿತು! ಸಿಳ್ಳೆ ಹಾಕಿ ಲೋಟ ಹಿಡಿದವರು ನಮ್ಮ ಭಾವನೇ.

ಲ್ಯಾಬಿನಿಂದ ಬಂದ ಉತ್ತರ, ಮಾರ್ಫಿನ್. ಕುದುರೆಯ ಮೈಯಲ್ಲಿ ಏನೇ ಸಿಕ್ಕರೂ ಮೊದಲ ಹೊಣೆ ಟ್ರೇನರ್‌ನದೇ ಎಂಬುದು ನಿಯಮ. ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ. ಮುದುಕನ ಲೈಸೆನ್ಸ್ ಹೋಗುವುದರಲ್ಲಿತ್ತು, ಅದು ಹೋದರೆ ಆ ವಯಸ್ಸಿನಲ್ಲಿ ಅವನಿಗೆ ಬೇರೆ ದಾರಿಯಿರಲಿಲ್ಲ. ತಾನೇನೂ ಕೊಟ್ಟಿಲ್ಲ ಎಂದು ಅವನು ಅತ್ತನಂತೆ. ಎಲ್ಲರೂ ಹಾಗೇ ಅಳುತ್ತಾರೆ ಎಂದು ಭಾವ ಊಟಕ್ಕೆ ಕೂತಾಗ ಹೇಳಿದರು. ಬಡಿಸುತ್ತಿದ್ದ ಅಕ್ಕ ಸೌಟು ಕೆಳಗಿಟ್ಟಳು.

“ಕರ್ಜಿಕಾಯೀಲಿ ಗಸಗಸೆ ಇತ್ತು ಕಣ್ರೀ. ನೀವು ತಿನ್ನಬಾರದು ಅಂತ ಅಂದ್ಕೊಂಡಿದ್ದೆ. ಕುದುರೆ ತಿನ್ನಬಾರದು ಅಂತ ನಂಗೇನು ಗೊತ್ತು?”

ಸುದ್ದಿ ತಿಳಿದ ನೆಂಟರಿಷ್ಟರ ಬುದ್ಧಿವಾದ ಒಂದೇ, ಬಾಯಿ ಮುಚ್ಚಿಕೊಂಡಿರಿ. ಪರೀಕ್ಷೆ ಮಾಡುವವನ ಮನೆಯಿಂದಲೇ ಕುದುರೆಗೆ ತಿಂಡಿ ಹೋಗಿದೆ ಎಂದರೆ ಕೆಲಸ ಉಳಿಯುತ್ತದೆಯೇ? ಭಾವ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೇಲಧಿಕಾರಿಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದರು.

ವಿಚಾರಣೆ ಆಸ್ಟಿನ್‌ನಲ್ಲಿ. ಫ್ಲೂಗರ್‌ವಿಲ್‌ನ ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದ ಅವರಿಬ್ಬರನ್ನು ನಾನೇ ಡ್ರೈವ್ ಮಾಡಿಕೊಂಡು ಹೋಗಿದ್ದೆ. ವಿಚಾರಣೆಯ ಕೋಣೆಯ ಹಿಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಕೂತು, ಭಾವ ಇಂಗ್ಲಿಷಿನಲ್ಲೂ ಧಾರವಾಡವನ್ನು ತೂರಿಸುತ್ತಾರೆ ಎಂದು ಒಳಗೊಳಗೇ ನಗುತ್ತಿದ್ದೆ. ಆಗ ಅವರು ಹಳೆಯ ಗಾಡಿ ಪಂದ್ಯದ ಒಂದು ಕುದುರೆಯ ವಿಷಯ ತೆಗೆದರು. ಅದರ ಮುಂಗಾಲು ನೋಯುತ್ತಿತ್ತಂತೆ. ಯಾರೋ ನೋವು ಕಾಣದಂತೆ ಮದ್ದು ಚುಚ್ಚಿ ಓಡಿಸಿದರು. ತಿರುವಿನಲ್ಲಿ ಕಾಲು ಮುರಿಯಿತು. ಮುರಿದ ಕಾಲಿನಲ್ಲೂ ಅದು ಗಾಡಿ ಎಳೆಯಲು ನೋಡುತ್ತಿತ್ತು. ಅದಕ್ಕೆ ಕೊನೆಯ ಸೂಜಿ ಚುಚ್ಚಿದವರು ಭಾವ. ಅಲ್ಲಿಂದ ಈಚೆಗೆ ಕೂದಲೆಳೆಯಷ್ಟು ಮದ್ದನ್ನೂ ಬಿಡದಿರಲು ತೀರ್ಮಾನಿಸಿದರಂತೆ. ಕುದುರೆಯ ಮೈಗೆ ಟ್ರೇನರ್ ಹೊಣೆಯಾದರೆ ನನ್ನ ಮನೆಯಿಂದ ಹೋದದ್ದಕ್ಕೆ ನಾನು ಹೊಣೆ, ಹೆಂಡತಿಗೆ ಬೇಡ ಅಂದೆ, ಯಾಕೆಂದು ಹೇಳಲಿಲ್ಲ, ಅವನನ್ನು ಬಿಟ್ಟುಬಿಡಿ ಎಂದರು. ನನ್ನ ನಗು ಎಲ್ಲಿ ಹೋಯಿತೋ. ಇಷ್ಟು ವರ್ಷ ನಾವೆಲ್ಲ ನಗುತ್ತಿದ್ದದ್ದು ಈ ಮನುಷ್ಯನ ದುಃಖವನ್ನು ನೋಡಿಯೇ?

ಗೆಲುವು ರದ್ದಾಯಿತು, ಮುದುಕನ ಲೈಸೆನ್ಸ್ ಉಳಿಯಿತು. ಭಾವ ಕೆಲಸಕ್ಕೆ ತಾವೇ ರಾಜೀನಾಮೆ ಕೊಟ್ಟರು. ಹೊರಗೆ ಕಾರಿಡಾರಿನಲ್ಲಿ ಅಕ್ಕ ಅಳುತ್ತ ನಿಂತಿದ್ದಳು.

“ಆ ಕುದುರಿ ಸುದ್ದಿ ನಿನಗ ಮೊದಲ ಹೇಳಬೇಕಾಗಿತ್ತು” ಎಂದರು ಭಾವ. “ಹೇಳಿದ್ರ ನೀ ಅಳತೀ ಅಂತ ಸುಮ್ಮನಿದ್ದೆ.”

ಅಕ್ಕ ಅವರ ಮುಖವನ್ನೇ ನೋಡಿದಳು. “ಇಷ್ಟು ವರ್ಷ ನೀವೊಬ್ರೇ ಅಳ್ತಿದ್ರಾ?”

ಭಾವ ಹೌದೆಂದು ತಲೆಯಾಡಿಸಿ, ಓಡಾಡುವ ಜನರ ನಡುವೆಯೇ ಅವಳ ಭುಜಕ್ಕೆ ಹಣೆ ಒತ್ತಿ ನಿಂತುಬಿಟ್ಟರು.