ನಿಮಗೆ ಅವರು ಏನಾಗಬೇಕು?

ನಮ್ಮ ಚಿಕ್ಕಮ್ಮನನ್ನು ಕಂಡರೆ ದೇವರಿಗೂ ಸ್ವಲ್ಪ ಭಯವೆಂದು ನನ್ನ ಅನುಮಾನ. ಗುಡಿಗೆ ಹೋದವರೆಲ್ಲ ಏನಾದರೂ ಬೇಡಿಕೊಂಡರೆ ಇವರು ದೂರು ಕೊಟ್ಟು ಬರುತ್ತಾರೆ. ಅದೂ ಬಾಯಿಮಾತಿನಲ್ಲಿ ಅಲ್ಲ. ಒಮ್ಮೆ ನಾಲ್ಕು ಮಡಿಕೆ ಮಾಡಿದ ಕಾಗದವನ್ನು ಹುಂಡಿಗೆ ಹಾಕುತ್ತಿದ್ದರು. "ಏನದು ಚಿಕ್ಕಮ್ಮ?" ಎಂದೆ. "ಮಂಡಿನೋವಿನ ವಿಷಯ. ಹೋದ ವರ್ಷದ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಇದು ಜ್ಞಾಪನಾ ಪತ್ರ" ಎಂದರು.

ತಪ್ಪು ಅವರದಲ್ಲ, ಕಸುಬಿನದು. ಶಿವಾಜಿನಗರದ ಗಲ್ಲಿಯೊಂದರ ಟೈಪಿಂಗ್ ಅಂಗಡಿಯಲ್ಲಿ ಮೂವತ್ತನಾಲ್ಕು ವರ್ಷ ಊರಿನವರ ಅರ್ಜಿಗಳನ್ನೆಲ್ಲ ಟೈಪ್ ಮಾಡಿದವರು. ನೀರು ಬಾರದವರು, ಪಿಂಚಣಿ ಬಾರದವರು, ಮನೆಗೆ ಗಂಡನೇ ಬಾರದವರು, ಎಲ್ಲರೂ ಅವರ ಎದುರಿನ ಸ್ಟೂಲಿನ ಮೇಲೆ ಕೂತು ಅತ್ತಿದ್ದಾರೆ. ಇವರು ಅಷ್ಟನ್ನೂ 'ಕೆಳಗೆ ಸಹಿ ಮಾಡಿರುವ ನಾನು' ಎಂದು ಶುರು ಮಾಡಿ ಒಂದೂವರೆ ಪುಟದಲ್ಲಿ ಮುಗಿಸಿದ್ದಾರೆ. ಅಂಗಡಿ ಮುಚ್ಚಿದ ಮೇಲೆ ಟೈಪ್‌ರೈಟರ್ ಸಮೇತ ಹಲಸೂರಿನ ನಮ್ಮ ಮನೆಗೆ ಬಂದರು. ಭಾಷೆಯೂ ಜೊತೆಗೇ ಬಂತು. "ಸದರಿ ಸಾರಿನಲ್ಲಿ ಉಪ್ಪು ಕಂಡುಬಂದಿರುವುದಿಲ್ಲ" ಎನ್ನುತ್ತಾರೆ. ನಮ್ಮ ಯಜಮಾನರು ಟಿ.ವಿ. ಜೋರಾಗಿ ಇಟ್ಟರೆ, "ಈ ಬಗ್ಗೆ ಹಿಂದೆಯೂ ಮೌಖಿಕವಾಗಿ ತಿಳಿಸಲಾಗಿತ್ತು" ಎನ್ನುತ್ತಾರೆ. ಯಜಮಾನರು ನಿವೃತ್ತ ಗುಮಾಸ್ತರು. ಆ ಒಂದು ವಾಕ್ಯಕ್ಕೆ ರಿಮೋಟ್ ಕೆಳಗಿಡುತ್ತಾರೆ. ನಾನು ಇಪ್ಪತ್ತೈದು ವರ್ಷ ಹೇಳಿದರೂ ಇಟ್ಟಿರಲಿಲ್ಲ.

ಇಷ್ಟೆಲ್ಲ ದೂರುಗಳಲ್ಲಿ ದಿನನಿತ್ಯದ್ದು ಯಾವುದು ಗೊತ್ತೇ? ಹೂವಿನ ಸೆಲ್ವಿಯ ಮೊಳದ್ದು.

ಮಾರ್ಕೆಟ್ ಮೂಲೆಯ ಫುಟ್‌ಪಾತಿನಲ್ಲಿ ಕೂರುವ ಸೆಲ್ವಿ ಗಿಡ್ಡ ಹೆಂಗಸು. ಹೂವು ಅಳೆಯುವುದು ಮೊಣಕೈಯಿಂದ ಬೆರಳ ತುದಿಗೆ ತಾನೆ? ಗಿಡ್ಡ ಕೈಗೆ ಗಿಡ್ಡ ಮೊಳ. ಚಿಕ್ಕಮ್ಮನದು ತೆಂಗಿನ ಮಟ್ಟೆಯಂಥ ಉದ್ದ ಕೈ.

"ಏ ಸೆಲ್ವಿ, ಇದು ಮೊಳಾನಾ? ಗೇಣಿಗೆ ಸ್ವಲ್ಪ ಜಾಸ್ತಿ ಅಷ್ಟೇ."

"ದೇವರು ಕೊಟ್ಟ ಕೈ ಅಮ್ಮಾ, ಎಳೆದು ಉದ್ದ ಮಾಡಕ್ಕಾಗತ್ತಾ?"

"ನನ್ನ ಕೈಯಲ್ಲಿ ಅಳೆ."

"ನಿಮ್ ಕೈಯಲ್ಲಿ ಅಳೆದ್ರೆ ಮಧ್ಯಾಹ್ನಕ್ಕೆ ಬುಟ್ಟಿ ಖಾಲಿ, ನನ್ ಹೊಟ್ಟೇನೂ ಖಾಲಿ. ಪೋಂಗಮ್ಮಾ."

ಹನ್ನೊಂದು ವರ್ಷ ಇದೇ ಜಗಳ. ದಾರಿಯಲ್ಲಿ ಬೇರೆ ಹೂವಿನವರು ಇಲ್ಲವೇ? ನಾಲ್ಕು ಜನ ಇದ್ದಾರೆ. ಅವರ ಮೊಳ ಸರಿಯಾಗಿರುತ್ತದಂತೆ. ಅಂಥವರ ಹತ್ತಿರ ಚಿಕ್ಕಮ್ಮ ಯಾಕೆ ಹೋಗುತ್ತಾರೆ?

ಆ ಬೆಳಿಗ್ಗೆಯೂ ಜಗಳ ನಡೆದಿತ್ತು. ನಾನು ಎರಡು ಅಂಗಡಿ ಆಚೆ ಕೊತ್ತಂಬರಿ ಆರಿಸುತ್ತಿದ್ದೆ. ಯಾರೋ ದೊಡ್ಡವರ ಕಾರು ಬರುತ್ತದೆಂದು ಪೊಲೀಸರು ಫುಟ್‌ಪಾತ್ ತೆರವು ಮಾಡಿಸುತ್ತಿದ್ದರು. ಸೆಲ್ವಿ ಮಲ್ಲಿಗೆ ದಂಡೆಗೆ ಮೊಳ ಹಾಕುತ್ತಿದ್ದಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಚಿಕ್ಕಮ್ಮನ ಕೈಯಲ್ಲಿ. "ಇದೊಂದು ಮೊಳ ಸಾರ್" ಅಂದಳು, ಅಷ್ಟೇ. ಪೇದೆ ಅವಳ ಬಲಗೈ ಹಿಡಿದು ಹಿಂದಕ್ಕೆ ತಿರುವಿಬಿಟ್ಟ. ಹೂವಿನ ಬುಟ್ಟಿ ಚರಂಡಿಗೆ ಹೋಯಿತು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಬುಟ್ಟಿ ಒದ್ದರೆ ಇನ್ನೊಂದು ಬುಟ್ಟಿ ತರಬಹುದು. ಮೊಳ ಹಾಕುವ ಕೈಯನ್ನು ಎಲ್ಲಿಂದ ತರುವುದು?

ಚಿಕ್ಕಮ್ಮ ಆ ದಿನ ಊಟ ಮಾಡಲಿಲ್ಲ. ಟೈಪ್ ಮಾಡಿದರು.

ಮರುದಿನ ಠಾಣೆಗೆ ನನ್ನನ್ನೂ ಎಳೆದುಕೊಂಡು ಹೋದರು. "ನಮಗ್ಯಾಕೆ ಚಿಕ್ಕಮ್ಮ" ಎಂದು ದಾರಿಯುದ್ದಕ್ಕೂ ನಾನು ಹೇಳಿದ್ದು ನಿಜ, ಮುಚ್ಚಿಡುವುದಿಲ್ಲ. ಬರೆಯುತ್ತಾ ಕೂತಿದ್ದವರು ತಲೆಯೆತ್ತದೆ ಕೇಳಿದರು.

"ಏಟು ಬಿದ್ದಿದ್ದು ನಿಮಗಾ?"

"ನನಗಲ್ಲ. ಹೂವಿನ ಸೆಲ್ವಿಗೆ."

"ನಿಮಗೆ ಅವರು ಏನಾಗಬೇಕು?"

"ನನಗೇನೂ ಆಗಬೇಕಾಗಿಲ್ಲ. ಆಗೋದೆಲ್ಲ ಅವಳಿಗೇ ಆಗಿದೆ."

"ಹಾಗಲ್ಲಮ್ಮ, ಅಕ್ಕನೋ ತಂಗಿನೋ?"

"ಏನೂ ಅಲ್ಲ."

"ಸಂಬಂಧ ಇಲ್ಲದವರು ದೂರು ಕೊಡೋಕೆ ಬರಲ್ಲ. ಏಟು ತಿಂದವರನ್ನ ಕಳಿಸಿ."

ನನಗೆ ಸಿಟ್ಟು ಬಂದದ್ದು ಅಲ್ಲಿ. ಇದೇ ಇಲಾಖೆಯವರಿಗೆ ಮಹಜರಿಗೆ ಪಂಚರು ಬೇಕಾದಾಗ, ಹಾಲು ತರಲು ಹೊರಟವರ ರಟ್ಟೆ ಹಿಡಿದು ಸಹಿ ಹಾಕಿಸಿಕೊಳ್ಳುತ್ತಾರೆ. ನಮ್ಮ ಯಜಮಾನರು ಹಾಗೆ ಯಾರದೋ ಕಳುವಾದ ಸ್ಕೂಟರಿಗೆ ಸಾಕ್ಷಿಯಾಗಿ ಮೂರು ಸಲ ಕೋರ್ಟಿಗೆ ಅಲೆದರು. ಆ ಸ್ಕೂಟರು ನಮಗೆ ಏನಾಗಬೇಕು ಎಂದು ಆಗ ಯಾರೂ ಕೇಳಲಿಲ್ಲ. ಪೊಲೀಸಿನವರ ಕಡೆ ಬೆರಳು ತೋರಿಸಿದ ತಕ್ಷಣ ಮಾತ್ರ ವಂಶವೃಕ್ಷ ಬೇಕೇ?

ಸರಿ, ಏಟು ತಿಂದವಳನ್ನೇ ಕೇಳೋಣವೆಂದು ಸೆಲ್ವಿಯ ಮನೆಗೆ ಹೋದೆವು. ಕೈ ಬಿಳಿ ಪಟ್ಟಿಯೊಳಗಿತ್ತು. ನಾಳೆಯಿಂದ ಎಡಗೈಯಲ್ಲೇ ವ್ಯಾಪಾರ ಶುರು ಮಾಡುತ್ತೇನೆ ಎಂದಳು. ದೂರಿನ ಮಾತೆತ್ತಿದರೆ ಅವಳು ಗೋಡೆ ನೋಡಿದಳು.

"ಬೇಡಮ್ಮಾ. ನೀವು ಬರೆದುಕೊಟ್ಟು ಮನೇಗೆ ಹೋಗ್ತೀರ. ನಾನು ನಾಳೆ ಎಲ್ಲಿ ಕೂರ್ಲಿ? ಅದೇ ಮೂಲೆ, ಅದೇ ಪೊಲೀಸ್."

ನೋವಾದವಳು ಹೋಗುವಂತಿಲ್ಲ, ಏಕೆಂದರೆ ಅವಳಿಗೆ ನೋವಾಗಿದೆ. ಹೋಗಬಲ್ಲವರು ದೂರುವಂತಿಲ್ಲ, ಏಕೆಂದರೆ ಅವರಿಗೆ ನೋವಾಗಿಲ್ಲ. ಎಂಥಾ ಅಚ್ಚುಕಟ್ಟು ನೋಡಿ.

ಚಿಕ್ಕಮ್ಮ ಅಲ್ಲಿಗೇ ಬಿಡುವವರಲ್ಲ. ಪೊಲೀಸರ ನಡವಳಿಕೆಯ ಮೇಲೆ ದೂರು ಕೇಳುವುದಕ್ಕೆಂದೇ ಒಂದು ಕಚೇರಿ ಇದೆ, ಅಲ್ಲಿಗೆ ನಡೆದರು. ಅಲ್ಲಿನ ಗುಮಾಸ್ತರು ಮೆದು ಮನುಷ್ಯ, ಕುರ್ಚಿ ಕೊಟ್ಟರು. ಆದರೆ ಅವರು ಕೊಟ್ಟ ನಮೂನೆಯಲ್ಲೂ ಒಂದು ಕಾಲಂ: 'ನೊಂದವರೊಂದಿಗೆ ಸಂಬಂಧ.'

"ಏನು ಬರೀಲಿ?" ಎಂದರು ಚಿಕ್ಕಮ್ಮ.

"ನಿಮಗೆ ಅವರು ಏನಾಗಬೇಕು?"

"ಮೊದಲು ನಿಮ್ಮ ನಿಯಮ ಓದ್ರೀ. ದೂರು ಯಾರು ಕೊಡಬಹುದು?"

ಅವರು ಕನ್ನಡಕ ಏರಿಸಿ ಓದಿದರು. "ನೊಂದ ವ್ಯಕ್ತಿ, ಅಥವಾ ಅವರ ಪರವಾಗಿ ಯಾವುದೇ ವ್ಯಕ್ತಿ."

"ಯಾವುದೇ. ಆ ಪದಾನ ಮೂವತ್ತನಾಲ್ಕು ವರ್ಷ ಟೈಪ್ ಮಾಡಿದ್ದೀನಿ. ಅದರೊಳಗೆ ಅಕ್ಕತಂಗಿ ಇಲ್ಲ, ಅತ್ತೆಸೊಸೆ ಇಲ್ಲ. ನಾನು ವ್ಯಕ್ತಿ ಹೌದೋ ಅಲ್ಲವೋ?"

"ಖಂಡಿತ ಹೌದಮ್ಮ."

"ಹೂವಿನ ಇನ್ನೊಂದು ತುದಿ ನನ್ನ ಕೈಯಲ್ಲೇ ಇತ್ತು. ಇದಕ್ಕಿಂತ ಹತ್ತಿರದವರು ಬೇಕಾ?"

ಗುಮಾಸ್ತರು ಸೋತರು. ಆದರೂ ಕಾಗದದ ಮನುಷ್ಯ ಅಲ್ಲವೇ, ಬೆರಳನ್ನು ಇನ್ನೊಂದು ಪದದ ಮೇಲಿಟ್ಟರು. "'ಪರವಾಗಿ' ಅಂತಿದೆ ನೋಡಿ. ನೀವು ಅವರ ಪರ ಅಂತ ಅವರೂ ಹೇಳಬೇಕಲ್ಲ? ಒಂದು ಸಹಿ ತನ್ನಿ, ಇವತ್ತೇ ತಗೋತೀನಿ."

ಚಿಕ್ಕಮ್ಮ ನಮೂನೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಎದ್ದರು.

ವಾಪಸ್ ಬರುವಾಗ ನಾನೇ ಹೇಳಿದೆ, "ನೀವು ಗಟ್ಟಿಯಾಗಿ ಹೇಳಿದ್ರೆ ಸೆಲ್ವಿ ಸಹಿ ಹಾಕ್ತಾಳೆ."

"ಒತ್ತಾಯದ ಸಹಿ ಪೊಲೀಸಿನವರು ತಗೋತಾರೆ ಕಣೇ, ನಾನು ತಗೋಳಲ್ಲ."

ಅರ್ಜಿ ಟೈಪ್‌ರೈಟರಿನ ಕೆಳಗೇ ಉಳಿಯಿತು. ಚಿಕ್ಕಮ್ಮ ಸಾರಿನ ಉಪ್ಪಿನ ಬಗ್ಗೆಯೂ ಮಾತಾಡುವುದು ಬಿಟ್ಟರು. ಬೆಳಿಗ್ಗೆ ಏಳಕ್ಕೆ ವಾಕಿಂಗ್ ಎಂದು ಹೊರಟರೆ ಹತ್ತಕ್ಕೆ ಬರುತ್ತಿದ್ದರು. ಮಂಡಿನೋವಿನವರಿಗೆ ಮೂರು ಗಂಟೆಯ ವಾಕಿಂಗ್ ಎಲ್ಲಿಂದ ಬಂತು ಎಂದು ನಾನಾದರೂ ಕೇಳಬೇಡವೇ? ಕೇಳಲಿಲ್ಲ. ಮನೆ ಶಾಂತವಾಗಿದೆ ಎಂದು ಸುಮ್ಮನಿದ್ದೆ.

ಎರಡು ವಾರದ ಮೇಲೆ ಬಾಗಿಲ ಮುಂದೆ ಆಟೋ ನಿಂತಿತು. ಒಳಗೆ ಸೆಲ್ವಿ, ರೇಷ್ಮೆ ಅಂಚಿನ ಸೀರೆಯಲ್ಲಿ.

"ಅಮ್ಮಾ, ಕಾಗದ ತಗೊಂಡು ಬನ್ನಿ. ನಾನು ಮನಸು ಬದಲಾಯ್ಸೋ ಮುಂಚೆ."

ಕಚೇರಿಯಲ್ಲಿ ಗುಮಾಸ್ತರು ಅಭ್ಯಾಸಬಲದಿಂದ ಪೆನ್ನನ್ನು ಅವಳ ಬಲಗೈಗೆ ಚಾಚಿದರು. ಅವಳು ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲಿಟ್ಟಳು. "ಸಹಿ ಹಾಕೋ ಕೈ ಇದೇ ಸಾರ್." ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿ, ಇಂಕಿನ ಪ್ಯಾಡ್ ತೆಗೆದರು. ಎಡ ಹೆಬ್ಬೆಟ್ಟು ಬಿತ್ತು. ಆಮೇಲೆ ಚಿಕ್ಕಮ್ಮನ ಸಹಿ. ಸಾವಿರಾರು 'ಕೆಳಗೆ ಸಹಿ ಮಾಡಿರುವ ನಾನು' ಟೈಪ್ ಮಾಡಿದವರು, ಇಂಥ ಕಚೇರಿಯೊಂದರಲ್ಲಿ ಅದರ ಕೆಳಗೆ ತಮ್ಮದೇ ಹೆಸರು ಬರೆದದ್ದು ಇದೇ ಮೊದಲಂತೆ. ಬರೆಯಲು ಬಹಳ ಹೊತ್ತು ತೆಗೆದುಕೊಂಡರು.

"ಈ ಸಂಬಂಧದ ಕಾಲಂ ಖಾಲಿ ಇದೆ" ಎಂದು ಗುಮಾಸ್ತರು ಸೆಲ್ವಿಯನ್ನೇ ಕೇಳಿದರು. "ಇವರು ನಿಮಗೆ ಏನಾಗಬೇಕಮ್ಮ?"

"ಗಿರಾಕಿ ಸಾರ್. ಜಗಳಗಂಟಿ ಗಿರಾಕಿ." ಎಂದಳು. "ಕೈ ಹೋದಾಗಿಂದ ಡೈಲಿ ಬಂದು ನನ್ ಪಕ್ಕ ಕೂತು ನನ್ ಹೂವಿಗೆ ಮೊಳ ಹಾಕ್ಕೊಡ್ತಾರೆ. ಆ ಪೊಲೀಸ್ ಬಂದ್ರೂ ಏಳಲ್ಲ. ಇವರೇ ಹೆದರದೆ ಕೂತಿರ್ಬೇಕಾದ್ರೆ ನಾನು ಯಾಕೆ ಸಾರ್ ಹೆದರ್ಲಿ?"

ಚಿಕ್ಕಮ್ಮ ಕಿಟಕಿ ಕಡೆ ನೋಡುತ್ತಿದ್ದರು. ಗುಮಾಸ್ತರು ಕಾಲಮಿನಲ್ಲಿ ಏನು ಬರೆದರೋ ನಾನು ನೋಡಲಿಲ್ಲ. ವಿಚಾರಣೆ ನಡೆಯುತ್ತಿದೆ. ಏನಾಗುತ್ತದೋ ಗೊತ್ತಿಲ್ಲ, ಮೊದಲ ಜ್ಞಾಪನಾ ಪತ್ರ ಮಾತ್ರ ಈಗಾಗಲೇ ಹೋಗಿದೆ.

ಸಹಿ ಹಾಕಿ ಬಂದ ಮರುದಿನ ಬೆಳಿಗ್ಗೆ ಕೊತ್ತಂಬರಿಯ ನೆಪ ಮಾಡಿಕೊಂಡು ಮಾರ್ಕೆಟ್ ಮೂಲೆಗೆ ಹೋದೆ. ಚಿಕ್ಕಮ್ಮ ಗೋಣಿಚೀಲದ ಮೇಲೆ ಕಾಲು ನೀಡಿ ಕೂತು ಯಾರಿಗೋ ಸೇವಂತಿಗೆ ಅಳೆಯುತ್ತಿದ್ದರು. ಆ ಉದ್ದ ಕೈಯಲ್ಲಿ ಅಳೆದರೆ ಸೆಲ್ವಿಯ ಹೊಟ್ಟೆಯ ಗತಿಯೇನು ಎಂದುಕೊಂಡು ಹತ್ತಿರ ಹೋಗಿ ನೋಡಿದೆ. ಮೊಣಕೈಯಿಂದ ಹೂವು ಬೆರಳವರೆಗೆ ಬರುವಷ್ಟರಲ್ಲಿ ಚಿಕ್ಕಮ್ಮ ಬೆರಳುಗಳನ್ನು ಒಳಗೆ ಮಡಿಚಿಕೊಂಡಿದ್ದರು.

ಸರಿಯಾಗಿ ಸೆಲ್ವಿಯ ಮೊಳದಷ್ಟಕ್ಕೆ.