ನನ್ನ ಎದೆಯ ನಾಲ್ಕನೇ ಸಂದು

ಗಂಡಸಿಗೆ ತನ್ನ ಎದೆಯ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವ ಅಂಗದ ಬಗ್ಗೆಯೂ ಇರಲಾರದು. ನಾನಂತೂ ನನ್ನದು ವಿಶಾಲವಾದದ್ದೆಂದೇ ನಂಬಿಕೊಂಡಿದ್ದೆ. ಅದು ವಿಶಾಲವಲ್ಲ, ಬರೀ ದಪ್ಪ ಎಂದು ಗೊತ್ತಾದದ್ದು ನನ್ನ ಹೆಂಡತಿ ವಸುಧಾ ಇಸಿಜಿ ತೆಗೆಯುವ ಕೋರ್ಸಿಗೆ ಸೇರಿದ ಮೇಲೆ. ಮೈಸೂರಿನಲ್ಲಿ ಕಾಲೇಜು ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದವಳು ಅಮೆರಿಕದ ಲಿನ್‌ವುಡ್ಡಿಗೆ ಬಂದ ಮೇಲೆ ನನ್ನ ಊಟದ ಡಬ್ಬಿ ಕಟ್ಟುವುದರಲ್ಲೇ ವರ್ಷಗಳನ್ನು ಕಳೆದಿದ್ದಳು. ಈಗ ಆಸ್ಪತ್ರೆಯ ಕೆಲಸ ಹಿಡಿದೇ ತೀರುತ್ತೇನೆಂದು ಹಟ ತೊಟ್ಟಿದ್ದಳು. ಅಭ್ಯಾಸಕ್ಕೆ ಒಂದು ಎದೆ ಬೇಕಾಗಿತ್ತು. ಮನೆಯಲ್ಲಿ ಬಿಟ್ಟಿ ಸಿಗುತ್ತಿದ್ದದ್ದು ನನ್ನದೇ.

ಕೇಳಲು ಸುಲಭದ ವಿದ್ಯೆ. ಕತ್ತಿನ ಬುಡದ ಗುಳಿಯಿಂದ ಬೆರಳನ್ನು ಎದೆಮೂಳೆಯ ಮೇಲೆ ಇಳಿಸುತ್ತಾ ಬಂದರೆ ಅಡ್ಡಕ್ಕೊಂದು ಸಣ್ಣ ಉಬ್ಬು ಸಿಗುತ್ತದೆ. ಅದಕ್ಕೆ ಸೇರಿಕೊಂಡದ್ದು ಎರಡನೇ ಪಕ್ಕೆಲುಬು. ಅಲ್ಲಿಂದ ಎಣಿಸಿಕೊಂಡು ಇಳಿದು, ಪಕ್ಕೆಲುಬುಗಳ ನಡುವಿನ ನಾಲ್ಕನೇ ಸಂದಿನಲ್ಲಿ ಮೂಳೆಯ ಆಚೆಗೊಂದು ಈಚೆಗೊಂದು ಇಸಿಜಿ ತಂತಿಯ ಸ್ಟಿಕರ್ ಅಂಟಿಸಬೇಕು. ಉಳಿದವು ಎಡಕ್ಕೆ, ಕಂಕುಳಿನ ಕೆಳಗಿನವರೆಗೆ. "ಒಂದು ಸಂದು ಮೇಲೆ ಹೋದ್ರೂ ಇಲ್ಲದ ಕಾಯಿಲೆ ಇರೋ ಹಾಗೆ ತೋರಿಸಿಬಿಡುತ್ತೆ, ಗೊತ್ತಾ?" ಎಂದು ಹೆದರಿಸಿ, ನನ್ನನ್ನು ಸೋಫಾದ ಮೇಲೆ ಮಲಗಿಸಿ ಹುಡುಕುತ್ತಿದ್ದಳು. ನನಗೋ ಕಚಗುಳಿ. "ಅಲ್ಲಾಡಬೇಡಿ ರೀ. ಪಕ್ಕೆಲುಬು ಹುಡುಕಿದ್ರೆ ನಿನ್ನೆ ತಿಂದ ಬೋಂಡಾ ಸಿಗ್ತಿದೆ" ಎನ್ನುವಳು. ಮಗಳು ಅನಿಕಾ ಅತ್ತ ಹಾದುಹೋಗುತ್ತಾ, "ಡ್ಯಾಡ್, ಪ್ಲೀಸ್, ಶರ್ಟ್" ಎಂದು ತನ್ನ ರೂಮಿನ ಬಾಗಿಲು ಹಾಕಿಕೊಳ್ಳುವಳು.

ಇಷ್ಟಾದರೂ ವಸುಧಾ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಫೇಲಾದಳು. ಅಲ್ಲಿ ಮಲಗಿದ್ದವನು ಬಡಕಲು, ನೀಳವಾದ ಆಸಾಮಿ. ಇವಳು ನನ್ನ ಎದೆಯ ಅಂದಾಜಿನಲ್ಲಿ ಬೆರಳಿಟ್ಟು ಒಂದು ಸಂದು ತಪ್ಪಿದ್ದಳು. ಕಾರಿನಲ್ಲಿ ಕೂತು, "ನಂಗೆ ನಿಮ್ಮೆದೆ ಬಿಟ್ರೆ ಬೇರೆ ಯಾರದ್ದೂ ಗೊತ್ತಿಲ್ಲ" ಎಂದು ಅತ್ತಳು. ಬೇರೆ ಸಂದರ್ಭದಲ್ಲಾಗಿದ್ದರೆ ಯಾವ ಗಂಡನಾದರೂ ಹಿಗ್ಗಬೇಕಾದ ಮಾತು. ಮುಂದಿನ ವಾರ ಇನ್ನೊಂದೇ ಅವಕಾಶ. ಅದೂ ಹೋದರೆ ಕೋರ್ಸೇ ಹೋಗುತ್ತಿತ್ತು.

ಅದರ ನಡುವೆ ಉಪಾಕರ್ಮ ಬಂತು. ಜನಿವಾರ ಬದಲಿಸಲು ಸಮಾಮಿಶ್‌ನಲ್ಲಿರುವ ಗೆಳೆಯ ರಾಘುವಿನ ಮನೆಯಲ್ಲಿ ಸೇರಿದೆವು. ಗಂಡಸರೆಲ್ಲ ಬರಿಮೈಯಲ್ಲಿ, ಗೋಪೀಚಂದನದ ಮುದ್ರೆ ಹಚ್ಚಿಕೊಂಡು ಸಾಲಾಗಿ ಕೂತರು. ನಾನೂ ಶರ್ಟು ತೆಗೆದೆ. ಹಿಂದಿನ ದಿನ ವಸುಧಾ ನೇರಳೆ ಪೆನ್ನಿನಲ್ಲಿ ನನ್ನ ಎದೆಯ ಮೇಲೆ ಸುತ್ತು ಹಾಕಿ, ಒಳಗೆ ಕನ್ನಡದಲ್ಲಿ ಒಂದು, ಎರಡು ಎಂದು ಅಂಕಿ ಬರೆದಿದ್ದಳು. ಸೋಪಿಗೆ ಜಗ್ಗದ ಆ ಪೆನ್ನಿನ ವಿಷಯ ನನಗೆ ಮರೆತೇ ಹೋಗಿತ್ತು. ವಾರವೆಲ್ಲ ಕೋಡ್ ಬರೆದು ಹಬ್ಬಗಳಲ್ಲಿ ಮಂತ್ರ ಹೇಳಿಸುವ ಶ್ರೀನಿಧಿ ಆಚಾರ್ರು ನನ್ನೆದುರು ನಿಂತು ಭಕ್ತಿಯಿಂದಲೇ ಕೇಳಿದರು: "ಮುದ್ರೆ ಹೊಸ ಥರ ಇದೆಯಲ್ಲ ಸಾರ್, ಇದು ಯಾವ ಮಠದ ಸಂಪ್ರದಾಯ?"

"ನಮ್ಮ ಮನೆಯವಳ ಸಂಪ್ರದಾಯ" ಎಂದೆ. ಮಾನ ಹೇಗೂ ಹೋಗಿತ್ತು, ಕಥೆಯನ್ನೆಲ್ಲ ಹೇಳಿಬಿಟ್ಟೆ.

ಯಾರೂ ನಗಲಿಲ್ಲ. ದಿನವಿಡೀ ಕುರ್ಚಿಗೆ ಅಂಟಿಕೊಂಡಿರುವ ನಮ್ಮ ಜನಕ್ಕೆ ಒಳಗೊಳಗೇ ಎದೆಯ ಚಿಂತೆ ಇರುತ್ತದೆ. ಊಟವಾದ ಮೇಲೆ ರಾಘು ಮೆಲ್ಲಗೆ, "ಅತ್ತಿಗೆ, ನಂದೂ ಒಂಚೂರು ನೋಡ್ತೀರಾ?" ಎಂದ. "ನಾನು ಎಲುಬು ಎಣಿಸ್ತೀನಿ ಅಷ್ಟೇ. ನೋವುಗೀವು ಇದ್ರೆ ಡಾಕ್ಟರ್ ಹತ್ರ ಹೋಗಬೇಕು" ಎಂದಳು ವಸುಧಾ. ಮಿಕ್ಕವರನ್ನು ಅವರವರ ಹೆಂಡತಿಯರೇ ಮುಂದೆ ತಳ್ಳಿದರು. ಬಡಕಲು, ದಪ್ಪ, ಕರಡಿಗೂದಲು, ಕೊನೆಗೆ ಆಚಾರ್ರದ್ದೂ ಆಯಿತು. ಮೊದಮೊದಲು ತಡವರಿಸುತ್ತಿದ್ದ ಅವಳ ಬೆರಳು ಬರಬರುತ್ತಾ ನೇರವಾಗಿ ಎದೆಮೂಳೆಯ ಉಬ್ಬಿಗೇ ಹೋಗತೊಡಗಿತು. ಎಣಿಸಿಕೊಂಡವರು ಏನೋ ವಾಸಿಯಾದವರಂತೆ ನೆಮ್ಮದಿಯಿಂದ ಶರ್ಟು ಹಾಕಿಕೊಂಡರು.

ಪರೀಕ್ಷೆಯ ದಿನ ನಾನು ಪಾರ್ಕಿಂಗ್ ಲಾಟಿನಲ್ಲಿ ಕಾದಿದ್ದೆ. ಅವಳು ಬಂದು ಕೂತು, ಸೀಟ್‌ಬೆಲ್ಟ್ ಹಾಕಿಕೊಂಡು, "ಪಾಸು" ಎಂದಳು. ನಾನು ಕಾರು ತೆಗೆಯಲು ಹೋಗಿ ವೈಪರ್ ಹಾಕಿಬಿಟ್ಟೆ.

ಈಗ ಅವಳಿಗೊಂದು ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿದೆ. ಮೊದಲ ದಿನ ಸಂಜೆ ಅವಳು ಮನೆಗೆ ಬರುವ ಹೊತ್ತಿಗೆ ನಾನು ಅಭ್ಯಾಸಬಲದಿಂದ ಶರ್ಟು ತೆಗೆದು ಸೋಫಾದ ಮೇಲೆ ಮಲಗಿದ್ದೆ.

"ಬೆಳಗ್ಗಿಂದ ಎದೆ ನೋಡಿ ನೋಡಿ ಸಾಕಾಗಿದೆ. ಶರ್ಟ್ ಹಾಕ್ಕೊಳ್ಳಿ, ನೆಗಡಿಯಾಗುತ್ತೆ" ಎಂದಳು. ಹಾದುಹೋಗುವಾಗ ನೋಡದೆಯೇ ನನ್ನ ನಾಲ್ಕನೇ ಸಂದಿನ ಮೇಲೆ ಬೆರಳಿಂದ ತಟ್ಟಿ ಕೇಳಿದಳು, "ನಾಳೆ ನನ್ನ ಡಬ್ಬಿಗೆ ಏನು ಮಾಡ್ತೀರಿ?"

ನಾನು ಶರ್ಟಿನ ಗುಂಡಿ ಹಾಕಿಕೊಂಡು ಹುರುಳಿಕಾಯಿ ಹೆಚ್ಚಲು ಎದ್ದೆ.